ತಾನಿಯಾ ಹಕ್ಕಿಯ ಹೊಲಿಗೆ

ಸೇಂಟ್ ಜಾನ್ಸ್ ಶಾಲೆಯ ಶಿಬಿರ, ಮಾಂಟ್ಸೆರಾಟ್
9 ಮಾರ್ಚ್ 1997

ವರ್ನೆಲ್‌ಗೆ,

ನಿನ್ನ ಕಾಗದ ತಲುಪಿತು. ಅದು ನನ್ನ ಮಗ ಆಲ್ರಿಕ್‌ನ ಹೆಸರಿಗಿತ್ತು. ಅವನು ಓದಿ, ಮಡಿಸಿ, ನನ್ನ ಕೈಗಿಟ್ಟು, "ಅಮ್ಮಾ, ನೀನೇ ಏನಾದ್ರೂ ಬರೆದುಬಿಡು, ನಂಗೆ ಪೆನ್ನು ಹಿಡಿದ್ರೆ ಬೆವರು ಬರತ್ತೆ" ಅಂದ. ಜೀವಮಾನವೆಲ್ಲ ಅಕ್ಷರ ತಿದ್ದಿಸಿದವಳ ಮಗ! ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಿನಗೆ ಇದು ಹಿಡಿಸಲಿಕ್ಕಿಲ್ಲ. ಎರಡನೇ ತರಗತಿಯಲ್ಲಿ ನಿನ್ನ ಬೆರಳಿನ ಗೆಣ್ಣಿಗೆ ಅಡಿಪಟ್ಟಿಯಿಂದ ಕೊಟ್ಟ ಏಟನ್ನು ನೀನು ಮದುವೆಯ ದಿನವೂ ಮರೆತಿರಲಿಲ್ಲವಲ್ಲ.

ಇಲ್ಲಿ ಹೊಸದೇನಿಲ್ಲ. ಬೆಟ್ಟ ಬೂದಿ ಉಗುಳುತ್ತದೆ, ನಾವು ಗುಡಿಸುತ್ತೇವೆ. ಒಂದೊಂದು ತರಗತಿಯಲ್ಲಿ ಐದಾರು ಮನೆಯವರಿದ್ದೇವೆ. ನಮ್ಮ ಮಂಚಗಳಿಗೂ ಪಕ್ಕದವರ ಗೊರಕೆಗೂ ನಡುವೆ ಇರುವುದು ಒಂದು ಹೊದಿಕೆಯ ಗೋಡೆ. ನಾನು ಕಪ್ಪುಹಲಗೆಯ ಕೆಳಗೆ ಮಲಗುತ್ತೇನೆ. ನಿವೃತ್ತಿಯಾದ ಮೇಲೆ ಮತ್ತೆ ಶಾಲೆಗೆ ಸೇರಿದ ಹಾಗಾಗಿದೆ. ಹ್ಯಾರಿಸ್ ಊರಿನ ನಮ್ಮ ಮನೆಗಳ ಮೇಲೆ ಈಗ ಎಷ್ಟು ಬೂದಿ ಕೂತಿದೆಯೋ, ಆ ಕಡೆ ಹೋಗಬಾರದೆಂದು ಪೊಲೀಸರ ಅಪ್ಪಣೆಯಾಗಿದೆ.

ಆಲ್ರಿಕ್ ತನ್ನ ಅರಣ್ಯ ಇಲಾಖೆಯ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ನಡುಬೆಟ್ಟದ ಕಾಡಿಗೆ ಹೋಗುತ್ತಾನೆ. ದಕ್ಷಿಣದ ಕಾಡೆಲ್ಲ ಸುಟ್ಟ ಮೇಲೆ ತಾನಿಯಾ ಹಕ್ಕಿಗಳಿಗೆ ಉಳಿದಿರುವುದು ಅದೊಂದೇ ಜಾಗ. ಬೇರೆ ಯಾವ ದೇಶದಲ್ಲೂ ಇಲ್ಲದ ಹಕ್ಕಿ, ನಮ್ಮಲ್ಲೂ ಇಲ್ಲವಾದರೆ ಮುಗಿಯಿತು ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ನೀನು ಕೇಳಿದ್ದನ್ನು ನಾನೂ ಕೇಳಿದೆ, ಯಾವಾಗ ಹೊರಡುತ್ತೀ ಎಂದು.

"ಮರಿ ಹಾರಿದ ಮೇಲೆ ಬರ್ತೀನಿ ಅಂತ ಬರೆ" ಅಂದ.

"ಯಾವ ಮರಿ?"

"ಈಗ ಒಂದು ಹೆಣ್ಣು ಗೂಡು ಹೊಲೀತಿದೆ ಅಮ್ಮಾ. ಅದರ ಮರಿ."

"ನಿನ್ನ ಮರಿ ಲಂಡನ್ನಿನಲ್ಲಿ ಉಸಿರಿಗೆ ಒದ್ದಾಡ್ತಿದೆ" ಅಂದೆ.

ತಟ್ಟೆಯಲ್ಲಿದ್ದ ದೀವಿಹಲಸಿನ ತುಂಡನ್ನು ಆ ಕಡೆ ಈ ಕಡೆ ಮಾಡಿದ. ಆಮೇಲೆ, "ಅದಕ್ಕೆ ಡಾಕ್ಟರ್ ಇದಾರೆ, ಅದರ ಅಮ್ಮ ಇದಾಳೆ. ಇದಕ್ಕೆ ಯಾರಿದಾರೆ?" ಅಂದ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಜೋಸಿಗೆ ಮುತ್ತು.

ಇಸ್ಮೆ ಡೇಲಿ


ಹ್ಯಾಕ್ನಿ, ಲಂಡನ್
2 ಏಪ್ರಿಲ್ 1997

ಟೀಚರ್ ಇಸ್ಮೆ ಅವರಿಗೆ,

ಗಂಡನಿಗೆ ಬರೆದರೆ ಉತ್ತರ ಬರುವುದು ಅತ್ತೆಯಿಂದ. ನನ್ನ ಮದುವೆಯಲ್ಲಿ ಇದು ಹೊಸದೇನಲ್ಲ.

ಜೋಸಿಯನ್ನು ಕಳೆದ ವಾರ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಬೂದಿ ಬೇಡವೆಂದು ಅವಳನ್ನು ಕರೆದುಕೊಂಡು ಬಂದೆ. ಇಲ್ಲಿ ಗೋಡೆಯೇ ಬೆವರುತ್ತದೆ. ನಾನು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರಿದ್ದೇನೆ. ಮನೆ ಹಂಚುವ ಕಚೇರಿಯ ಹೆಂಗಸು ನಮ್ಮ ದ್ವೀಪದ ಹೆಸರು ಕೇಳಿ, "ಅದು ಆಫ್ರಿಕಾದಲ್ಲಿದೆಯಾ?" ಅಂದಳು. "ಇಲ್ಲ, ಬೆಂಕಿಯಲ್ಲಿದೆ" ಅಂದೆ. ಅವಳು ಅದನ್ನು ಬರೆದುಕೊಂಡಳು.

ಆ ಹಕ್ಕಿಗೆ ಯಾರಿದ್ದಾರೆ ಎಂದು ಕೇಳಿದನಂತಲ್ಲ. ನನಗೆ ಯಾರಿದ್ದಾರೆ ಎಂದು ಅವನನ್ನು ಕೇಳಿ. ಮಗು ಸುಂಯ್ ಸುಂಯ್ ಎನ್ನುತ್ತಾ ನಿದ್ದೆ ಹೋಗುವುದನ್ನು ಕಾಯುತ್ತ ಕೂರುವುದು ಒಬ್ಬರ ಕೆಲಸವಲ್ಲ. ಅವನಿಗೆ ಹತ್ತು ವರ್ಷದಿಂದ ಇಬ್ಬರು ಹೆಂಡತಿಯರು, ಒಬ್ಬಳಿಗೆ ರೆಕ್ಕೆ ಇದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ತಮಾಷೆಯಾಗಿ ಕಾಣುತ್ತಿಲ್ಲ.

ನೀವು ಒಂದು ಮಾತು ಹೇಳಿದರೆ ಅವನು ಹೊರಡುತ್ತಾನೆ. ನಿಮ್ಮ ಮಾತನ್ನು ಆ ಊರಲ್ಲಿ ಯಾರೂ ಇದುವರೆಗೆ ತೆಗೆದುಹಾಕಿಲ್ಲ. ಹೇಳುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು.

ವರ್ನೆಲ್


ಸೇಂಟ್ ಜಾನ್ಸ್
8 ಜೂನ್ 1997

ವರ್ನೆಲ್‌ಗೆ,

ಹೇಳಿದೆ. ಹೋಗು ಎಂದೇ ಹೇಳಿದೆ.

ಆಗಸ್ಟಿನಲ್ಲಿ ಬರುತ್ತಾನೆ. ಬಾಯಿಮಾತಲ್ಲ, ಅಧಿಕಾರಿಗೆ ತಿಳಿಸಿಯೂ ಆಗಿದೆ. ಮೊದಲ ಗೂಡಿನ ಮೊಟ್ಟೆಗಳನ್ನು ಇಲಿ ತಿಂದಿತಂತೆ. ಹೆಣ್ಣು ಬೇರೆ ಎಲೆ ನೋಡಿಕೊಂಡು ಎರಡನೇ ಗೂಡು ಹೊಲಿದಿದೆ. ಈಗ ಅದರಲ್ಲಿ ಮರಿಗಳಿವೆ. ಅವು ಹಾರಿದವೆಂದರೆ ಇವನೂ ಹಾರಿದಂತೆ. ಲಂಡನ್ನಿನಲ್ಲಿ ಏನು ಕೆಲಸ ಮಾಡುತ್ತೀ ಎಂದರೆ, "ಪಾರಿವಾಳ ಎಣಿಸ್ತೀನಿ ಅಮ್ಮಾ. ಅಲ್ಲಿ ಬೇಕಾದಷ್ಟಿವೆಯಂತೆ, ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ" ಅಂತಾನೆ. ನಿನ್ನೆ ಶಿಬಿರದಲ್ಲಿ ಯಾರೋ ಆಡಿನ ಸಾರು ಮಾಡಿದ್ದರು. ಎರಡು ಬಟ್ಟಲು ಕುಡಿದು, "ಇದನ್ನ ಬಾಟ್ಲಿಗೆ ಹಾಕಿ ವಿಮಾನದಲ್ಲಿ ತಗೊಂಡ್ ಹೋಗಕ್ಕೆ ಬಿಡ್ತಾರಾ, ವರ್ನೆಲ್ ಬಾಯಿ ಮುಚ್ಚಿಸೋಕೆ ಬೇಕು" ಅಂದ. ಎಲ್ಲರೂ ನಕ್ಕರು. ಅವನು ಹೊರಡುವ ವಿಷಯ ಹೀಗೆ ಎಲ್ಲರಿಗೂ ತಿಳಿಯಿತು.

ತೆಳ್ಳಗಾಗಿದ್ದಾನೆ. ಕಾಡಿನಲ್ಲಿ ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ಕುತ್ತಿಗೆಗೆ ಇಳಿಸಿಕೊಂಡೇ ಇರುತ್ತಾನೆ. ಬೈದರೆ ಮೇಲೇರಿಸುತ್ತಾನೆ.

ನಿನ್ನ ಕಾಗದದಲ್ಲಿ ಮೂರು ಕಡೆ ಕಾಗುಣಿತ ತಪ್ಪಿದೆ. 'ಆಸ್ಪತ್ರೆ'ಯನ್ನು ಎರಡು ಸಲವೂ ತಪ್ಪೇ ಬರೆದಿದ್ದೀ. ಅಲ್ಲಿ ಕೆಲಸ ಮಾಡುವವಳು ಅದನ್ನಾದರೂ ಸರಿಯಾಗಿ ಬರೆಯಬೇಕು.

ಇಸ್ಮೆ ಡೇಲಿ


ಸೇಂಟ್ ಜಾನ್ಸ್
27 ಜೂನ್ 1997

ವರ್ನೆಲ್,

ರೇಡಿಯೊದಲ್ಲಿ ಕೇಳಿರುತ್ತೀ. ಬುಧವಾರ ಮಧ್ಯಾಹ್ನ ಬೆಟ್ಟ ಕುಸಿದು ಬೆಂಕಿಯ ಮೋಡ ಫ್ಯಾರೆಲ್ಸ್ ಊರಿನ ಮೇಲೆ ಇಳಿಯಿತು. ಆಲ್ರಿಕ್ ಆ ದಿನ ಆ ಕಡೆ ಹೋಗಿದ್ದ. ಇನ್ನೂ ಬಂದಿಲ್ಲ.

ಕೆಲವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಬಂದಿದ್ದಾರೆ. ಎಲ್ಲರ ಮುಖವನ್ನೂ ನೋಡಿ ಬಂದೆ. ಎಲ್ಲರೂ ನನ್ನ ಹತ್ತಿರ ಓದಿದವರೇ. ಅವನಿರಲಿಲ್ಲ.

ಫೋನು ಸಿಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವನು ಬಂದಿರಲಿ, ನೀನು ಇದನ್ನು ಹರಿದು ಹಾಕುವ ಹಾಗಾಗಲಿ.

ಇಸ್ಮೆ


ಹ್ಯಾಕ್ನಿ
20 ಜುಲೈ 1997

ಟೀಚರ್,

ಹುಡುಕುವುದನ್ನು ನಿಲ್ಲಿಸಿದ್ದಾರೆಂದು ಇಲ್ಲಿಯ ನಮ್ಮ ಊರಿನವರು ಹೇಳಿದರು. ನೀವು ಫೋನಿನಲ್ಲಿ ಹೇಳಲಿಲ್ಲ. ಫೋನಿನಲ್ಲಿ ನೀವು ಜೋಸಿ ಸರಿಯಾಗಿ ಊಟ ಮಾಡುತ್ತಾಳಾ ಎಂದು ಕೇಳಿದಿರಿ.

ಚರ್ಚಿನಲ್ಲಿ ಪ್ರಾರ್ಥನೆ ಇಡಿಸಿದ್ದೀರೆಂದು ತಿಳಿಯಿತು. ನಾನು ಬರಲಾರೆ. ಮಗುವನ್ನು ಆ ಗಾಳಿಗೆ ಕರೆತರಲಾರೆ, ಇಲ್ಲಿ ಒಬ್ಬಳನ್ನೇ ಬಿಡಲಾರೆ. ಮಣ್ಣು ಮಾಡುವುದಕ್ಕೂ ಏನೂ ಇಲ್ಲವಲ್ಲ.

ಜೋಸಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಆಗಸ್ಟ್‌ಗೆ ಬರಲ್ವಾ?" ಅಂದಳು.

ಅವನು ಅಲ್ಲಿಗೆ ಯಾಕೆ ಹೋಗಿದ್ದ? ಅವನ ಕೆಲಸ ನಡುಬೆಟ್ಟದಲ್ಲಿ. ನಮಗೆ ಆ ಕಡೆ ಆಡಿಲ್ಲ, ಹೊಲವಿಲ್ಲ. ಹಕ್ಕಿಗಾಗಿ ತಾನೇ? ಫೋನಿನಲ್ಲಿ ಇದನ್ನೇ ಕೇಳಿದೆ, ನೀವು ಮಾತು ಬದಲಿಸಿದಿರಿ. ಬರೆದು ತಿಳಿಸಿ.

ವರ್ನೆಲ್


ಸೇಂಟ್ ಜಾನ್ಸ್
12 ಅಕ್ಟೋಬರ್ 1997

ವರ್ನೆಲ್‌ಗೆ,

ತಡವಾಯಿತು. ನನಗೇ ತಿಳಿಯಲು ಇಷ್ಟು ದಿನ ಬೇಕಾಯಿತು. ಆ ದಿನ ಆಲ್ರಿಕ್‌ನನ್ನು ಲಾರಿಯಲ್ಲಿ ಕರೆದುಕೊಂಡು ಹೋಗಿದ್ದವನು ಅವನ ಜೊತೆಗೆ ಕಾಡಿನ ಕೆಲಸ ಮಾಡುವ ಫಿಟ್ಜರಾಯ್ ಕೇಬಿ. ಅವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಮೊನ್ನೆ ತಾನಾಗಿಯೇ ಬಂದು, ಮಂಚದ ತುದಿಯಲ್ಲಿ ಕೂತು, ನೆಲ ನೋಡುತ್ತಾ ಹೇಳಿದ. ಅವನ ಮಾತನ್ನೇ ಬರೆಯುತ್ತೇನೆ.

"ಫ್ಯಾರೆಲ್ಸ್‌ನಲ್ಲಿ ಕ್ಯಾರೆಟ್ ಕೀಳಕ್ಕೆ ಹೋಗ್ತಿದ್ದ ಮುದುಕ ಒಬ್ಬ ಸಿಕ್ಕಿದ್ದ ಟೀಚರ್. ಮೇಲಿನ ಕೊರಕಲಲ್ಲಿ ತಾನಿಯಾ ಹಾಡ್ತು, ನನ್ ಕಿವಿಯಾರೆ ಕೇಳ್ದೆ ಅಂದ. ಆಲ್ರಿಕ್‌ಗೆ ಅಷ್ಟೇ ಸಾಕಾಯ್ತು. ನಾನ್ ಬೇಡ ಅಂದೆ. 'ಫಿಟ್ಜ್, ಆ ಕಡೆ ಒಂದೂ ಉಳಿದಿಲ್ಲ ಅಂತ ಬರೆದುಕೊಟ್ಟವನು ನಾನೇ ಕಣೋ. ಒಂದೇ ಒಂದು ಇದ್ರೂ ನಾನು ದೊಡ್ಡ ಸುಳ್ಳುಗಾರ ಆಗ್ತೀನಿ. ಎಷ್ಟ್ ಚೆನ್ನಾಗಿರತ್ತೆ ಅಲ್ವಾ!' ಅಂದ. ನಗ್ತಾ ಇದ್ದ ಟೀಚರ್. ಕೇಳಿಸ್ಕೊಂಡು ಬಂದುಬಿಡ್ತೀನಿ ಅಂತ ಕೊರಕಲು ಹತ್ತಿದ. ನಾನು ರಸ್ತೇಲಿ ಗಾಡಿ ನಿಲ್ಸಿದ್ದೆ. ಆಮೇಲೆ ಬೆಟ್ಟದ ಕಡೆ ಕಪ್ಪಗಾಯ್ತು. ಸದ್ದೇ ಇರ್ಲಿಲ್ಲ. ಹಾರ್ನ್ ಮೇಲೆ ಇಟ್ಟ ಕೈ ತೆಗೀಲಿಲ್ಲ ನಾನು. ಒತ್ತಿಕೊಂಡೇ ಇದ್ದೆ. ಆಮೇಲೆ... ಗಾಡಿ ತಿರುಗಿಸಿದೆ."

"ತಿರುಗಿಸಿದ್ದು ಒಳ್ಳೇದಾಯ್ತು. ನಿನಗೂ ಮಕ್ಕಳಿವೆ" ಅಂದೆ. ಅವನು ಅಳುತ್ತಿದ್ದ, ನಾನು ಅವನ ಬೆನ್ನು ತಟ್ಟುತ್ತಿದ್ದೆ.

ಅಲ್ಲಿ ನಿಜಕ್ಕೂ ಹಕ್ಕಿ ಹಾಡಿತ್ತೇ, ಇವನು ಅದನ್ನು ಕೇಳಿದನೇ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಮುದುಕನೂ ಉಳಿಯಲಿಲ್ಲ.

ಆದ್ದರಿಂದ ಹೌದು, ಹಕ್ಕಿಗಾಗಿಯೇ. ನೀನು ಕೇಳಿದ್ದೀ, ನಾನು ಹೇಳಿದ್ದೇನೆ. ಶಾಲೆಯ ಹಿಂದಿನ ಮರಕ್ಕೆ ಕೆಲವು ಸಲ ತಾನಿಯಾ ಬರುತ್ತದೆ. ಹಾಡಿದರೆ ನಾನು ಕಿಟಕಿ ಮುಚ್ಚುತ್ತೇನೆ.

ನೀನೂ ಮಗುವೂ ನನ್ನ ಪ್ರಾರ್ಥನೆಯಲ್ಲಿದ್ದೀರಿ.

ಇಸ್ಮೆ ಡೇಲಿ


ಹ್ಯಾಕ್ನಿ
9 ನವೆಂಬರ್ 1997

ಟೀಚರ್,

ನೀವು ಅವನಿಗೆ ಹೋಗು ಎಂದಿರಿ. ಬಾಯಲ್ಲಿ ಅಂದಿರಿ. ಅವನು ನಿಮ್ಮ ಬಾಯಿ ನೋಡುವ ಮಗನಾಗಿರಲಿಲ್ಲ, ಮುಖ ನೋಡುವ ಮಗನಾಗಿದ್ದ.

ಇನ್ನು ನನಗೆ ಬರೆಯಬೇಡಿ.

ವರ್ನೆಲ್


ಹ್ಯಾಕ್ನಿ
1 ಮಾರ್ಚ್ 1998

ಪ್ರೀತಿಯ ಅಜ್ಜಿಗೆ,

ನಾನು ಜೋಸಿ. ನಾನು ಚೆನ್ನಾಗಿದ್ದೇನೆ. ಈ ಚಳಿಗಾಲದಲ್ಲಿ ಒಂದೇ ಸಲ ಆಸ್ಪತ್ರೆಗೆ ಹೋದೆ. ಲಕೋಟೆಯ ಮೇಲೆ ವಿಳಾಸ ಬರೆದುಕೊಟ್ಟಿದ್ದು ಅಮ್ಮ. ಅವಳು ಬರೆಯುವುದಿಲ್ಲವಂತೆ, ನಾನು ಬೇಕಾದರೆ ಬರೆಯಬಹುದಂತೆ.

ಶಾಲೆಯಲ್ಲಿ ಎಲ್ಲರೂ ಅಪ್ಪನ ಕೆಲಸದ ಚಿತ್ರ ಬರೆಯಬೇಕಿತ್ತು. ನಾನು ತಾನಿಯಾ ಹಕ್ಕಿ ಬರೆದೆ. ಗಂಡಿಗೆ ಕಪ್ಪು, ಹೊಟ್ಟೆಗೆ ಹಳದಿ ಹಚ್ಚಿದೆ. ಹೆಣ್ಣಿನ ಬಣ್ಣ ನೆನಪಾಗಲಿಲ್ಲ. ಅಮ್ಮನನ್ನು ಕೇಳಿದರೆ ಗೊತ್ತಿಲ್ಲ ಅಂದಳು. ಅವಳಿಗೆ ಗೊತ್ತಿದೆ ಅಜ್ಜಿ. ಅದಕ್ಕೆ ಹೆಣ್ಣನ್ನು ಬಿಳಿಯಾಗಿಯೇ ಬಿಟ್ಟಿದ್ದೇನೆ.

ಅದರ ಬಣ್ಣ ಏನು? ಗೂಡು ಹೇಗೆ ಹೊಲಿಯುತ್ತದೆ? ಅಪ್ಪ ತೋರಿಸುತ್ತೇನೆ ಅಂದಿದ್ದ. ನೀನು ನೋಡಿ ಬರೆಯುತ್ತೀಯಾ? ಪುಸ್ತಕ ನೋಡಿ ಅಲ್ಲ, ಹಕ್ಕಿ ನೋಡಿ.

ಜೋಸಿ


ಸೇಂಟ್ ಜಾನ್ಸ್
29 ಮಾರ್ಚ್ 1998

ನನ್ನ ಜೋಸಿಗೆ,

ನಿನ್ನ ಕಾಗದದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ಯಾರ ಮೊಮ್ಮಗಳು!

ಹಕ್ಕಿ ನೋಡಿ ಬರೆ ಅಂದೆಯಲ್ಲ. ಅಜ್ಜಿಗೆ ಅದು ಕಷ್ಟದ ಪಾಠ. ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಕೆಲವು ದಿನ ಮಲಗಿದೆ. ಕೊನೆಗೆ ಅಪ್ಪನ ಗೆಳೆಯ ಫಿಟ್ಜರಾಯ್‌ಗೆ ಹೇಳಿದೆ. "ಟೀಚರ್, ನಿಮ್ ಮಂಡಿ ನೋವು?" ಅಂದ. "ಮಂಡಿಯೂ ಬರತ್ತೆ, ಅದನ್ನ ಎಲ್ಲಿ ಬಿಡಲಿ" ಅಂದೆ. ಇಳಿಜಾರಿನಲ್ಲಿ ಅವನು ಹಿಂದಿನಿಂದ ನೂಕಿದ, ನಾನು ಮುಂದಿನಿಂದ ಬೈದೆ, ಹಾಗೆ ಹತ್ತಿದೆವು.

ಹೆಣ್ಣಿನ ಬಣ್ಣ ಬರೆದುಕೋ. ಬೆನ್ನು ಹಣ್ಣಾಗದ ನಿಂಬೆಯ ಹಸಿರು, ಅದರ ಮೇಲೆ ಸ್ವಲ್ಪ ಧೂಳು ಕೂತಂತೆ. ಹೊಟ್ಟೆ ಮಂಕು ಹಳದಿ. ಗಂಡಿನಷ್ಟು ಮೆರುಗಿಲ್ಲ. ಎಲೆಗಳ ನಡುವೆ ಕೂತರೆ ಕಾಣುವುದೇ ಇಲ್ಲ. ಫಿಟ್ಜರಾಯ್ ಬೆರಳು ತೋರಿಸಿದರೂ ನನಗೆ ಎಲೆಯೇ ಕಂಡಿತು. ಎಲೆ ಕತ್ತು ತಿರುಗಿಸಿದಾಗ ಹಕ್ಕಿಯೆಂದು ಗೊತ್ತಾಯಿತು. ಅದರ ಕಾಲಿಗೆ ಒಂದು ಕೆಂಪು ಬಳೆಯಿದೆ. ಗುರುತಿಗೆಂದು ಅಪ್ಪನೇ ತೊಡಿಸಿದ್ದು.

ಈಗ ಹೊಲಿಗೆ. ಕೊರಕಲಿನ ತಂಪಿನಲ್ಲಿ ಕಾಡುಬಾಳೆ ಬೆಳೆಯುತ್ತದೆ, ನಿನಗೆ ನೆನಪಿರಬಹುದು. ಅಗಲವಾದ ಎಲೆ. ಹೆಣ್ಣು ಆ ಎಲೆಯ ಅಡಿಯಲ್ಲಿ ತಲೆಕೆಳಗಾಗಿ ಜೋತುಬೀಳುತ್ತದೆ. ಕೊಕ್ಕಿನಿಂದ ಎಲೆಗೆ ತೂತು ಮಾಡುತ್ತದೆ. ಒಂದು ಎಳೆ ನಾರನ್ನು ಒಳಗಿಂದ ತೂರಿಸುತ್ತದೆ, ಮೇಲೆ ಹೋಗಿ ಅದನ್ನು ಎಳೆಯುತ್ತದೆ, ಪಕ್ಕದಲ್ಲಿ ಇನ್ನೊಂದು ತೂತು ಮಾಡಿ ಕೆಳಗೆ ಇಳಿಸುತ್ತದೆ. ನಾನು ನಿನ್ನ ಅಪ್ಪನ ಚಡ್ಡಿಗೆ ಅಂಚು ಹೊಲಿಯುತ್ತಿದ್ದುದೂ ಹೀಗೆಯೇ, ಆದರೆ ನನಗೆ ಕೈಗಳಿದ್ದವು, ಕನ್ನಡಕವಿತ್ತು. ಹೀಗೆ ಹೊಲಿದು ಹೊಲಿದು ಎಲೆಗೆ ಒಂದು ಬುಟ್ಟಿ ತೂಗುಹಾಕುತ್ತದೆ. ಎಲೆಯೇ ಸೂರು. ಮಳೆ ಬಂದರೆ ಮೇಲಿಂದ ಜಾರಿ ಹೋಗುತ್ತದೆ.

ಗಂಡು ಹೊಲಿಯುವುದಿಲ್ಲ. ಹತ್ತಿರದ ಕೊಂಬೆಯಲ್ಲಿ ಕೂತು ಹಾಡುತ್ತದೆ. ಯಾರಾದರೂ ಹತ್ತಿರ ಬಂದರೆ ಚಕ್ ಚಕ್ ಎಂದು ಗದರುತ್ತದೆ. ನನ್ನನ್ನೂ ಗದರಿತು. ಒಬ್ಬ ಟೀಚರನ್ನು ಹಾಗೆ ಗದರಿಸುವುದು! ಆದರೆ ಮರಿಯಾದ ಮೇಲೆ ಅದೂ ಹುಳು ಹಿಡಿದು ತರುತ್ತದಂತೆ.

ನಿನಗೆ ನಿಜವನ್ನೇ ಬರೆಯುತ್ತೇನೆ, ಸಿಹಿ ಮಾಡಿ ಬರೆಯುವುದಿಲ್ಲ. ಎಲ್ಲ ಗೂಡುಗಳೂ ಉಳಿಯುವುದಿಲ್ಲ. ಇಲಿ ಬರುತ್ತದೆ. ಬಿಳಿಗಣ್ಣಿನ ಒಂದು ಕಳ್ಳ ಹಕ್ಕಿ ಮೊಟ್ಟೆ ಕದಿಯುತ್ತದೆ. ಬೂದಿ ಬಿದ್ದರೆ ಎಲೆ ಭಾರಕ್ಕೆ ಬಾಗಿ ಹರಿಯುತ್ತದೆ, ಹುಳುಗಳು ಸಾಯುತ್ತವೆ, ಹಕ್ಕಿಗೆ ಊಟ ಸಿಗುವುದಿಲ್ಲ.

ವಾಪಸು ಇಳಿಯುವಾಗ ಗಂಡು ಮತ್ತೆ ಹಾಡಿತು. ನಾನು ಒಂದು ಕಲ್ಲಿನ ಮೇಲೆ ಕೂತು ಕೇಳಿದೆ. ಹೇಗಿತ್ತು ಎಂದು ಕೇಳಬೇಡ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಫಿಟ್ಜರಾಯ್ ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದ.

ಹೆಣ್ಣಿಗೆ ಬಣ್ಣ ತುಂಬು. ಅಮ್ಮನಿಗೆ ನಾನು ಕೇಳಿದೆನೆಂದು ಹೇಳು. ಹೇಳಬೇಕೆನಿಸದಿದ್ದರೆ ಬೇಡ.

ನಿನ್ನ ಅಜ್ಜಿ


ಹ್ಯಾಕ್ನಿ
15 ನವೆಂಬರ್ 1998

ಪ್ರೀತಿಯ ಅಜ್ಜಿಗೆ,

ನಿನ್ನ ಕಾಗದಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಜೂನ್‌ನಲ್ಲಿ ಕೆಂಪು ಬಳೆಯದರ ಗೂಡು ಬೂದಿಗೆ ಹರಿದು ಬಿತ್ತು ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ನಾನು ಅತ್ತೆ. ಅಮ್ಮ ಬಂದು ಕಾಗದ ಕಿತ್ತುಕೊಂಡಳು. ಬಯ್ಯುತ್ತಾಳೆ ಅಂದುಕೊಂಡೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಓದಿದಳು. ಈಗ ನಿನ್ನ ಕಾಗದ ಬಂದರೆ ಅವಳೇ ಮೊದಲು ಒಡೆಯುತ್ತಾಳೆ.

ನಮ್ಮ ಮನೆಯ ಹೀಟರ್ ಕೆಟ್ಟಿತ್ತು. ಓಸ್ಬರ್ಟ್ ಅಂಕಲ್ ರಿಪೇರಿ ಮಾಡಿದರು. ಅವರು ಬಸ್ ಡ್ರೈವರ್. ನೀವಿಸ್ ದ್ವೀಪದವರು. ಲಿಫ್ಟ್ ಕೆಟ್ಟರೆ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಮಹಡಿ ಹತ್ತುತ್ತಾರೆ. ನಾನು ದೊಡ್ಡವಳು ಅಂದರೂ ಕೇಳುವುದಿಲ್ಲ, "ಬಸ್ಸಲ್ಲಿ ಎಂಥೆಂಥವರನ್ನೋ ಹೊರ್ತೀನಿ, ನೀನ್ಯಾವ ಲೆಕ್ಕ" ಅಂತಾರೆ. ಭಾನುವಾರ ಊಟಕ್ಕೆ ಬರುತ್ತಾರೆ. ಅಪ್ಪನ ಫೋಟೋ ಇರುವ ಕಡೆಯ ಕುರ್ಚಿಯಲ್ಲಿ ಮಾತ್ರ ಕೂರುವುದಿಲ್ಲ. ಅಮ್ಮ ಈಗ ಅಡುಗೆ ಮಾಡುವಾಗ ಒಂದೊಂದು ಸಲ ಹಾಡುತ್ತಾಳೆ. ನಾನು ನೋಡಿದರೆ ನಿಲ್ಲಿಸುತ್ತಾಳೆ.

ಮುಂದಿನ ವರ್ಷ ಕೆಂಪು ಬಳೆಯದು ಮತ್ತೆ ಗೂಡು ಹೊಲಿಯುತ್ತದಾ?

ಜೋಸಿ


ಸೇಂಟ್ ಜಾನ್ಸ್
23 ಮೇ 1999

ವರ್ನೆಲ್‌ಗೆ,

ನೀನು ಬರೆಯಬೇಡಿ ಎಂದಿದ್ದೆ. ಒಂದೂವರೆ ವರ್ಷ ನಿನ್ನ ಮಾತು ನಡೆಸಿದೆ. ಇದೊಂದನ್ನು ಓದು.

ನನಗೆ ಈಗ ಮನೆಯಾಗಿದೆ. ಹಲಗೆಯ ಗೋಡೆ, ತಗಡಿನ ಸೂರು, ಎರಡು ಕೋಣೆ. ಹೊದಿಕೆಯ ಗೋಡೆ ಇಲ್ಲದೆ ಮೊದಲ ಕೆಲವು ದಿನ ನಿದ್ದೆಯೇ ಬರಲಿಲ್ಲ. ಗೊರಕೆ ಕೇಳಿ ಅಭ್ಯಾಸವಾಗಿತ್ತು. ಸರ್ಕಾರ ನನಗೂ ಇಂಗ್ಲೆಂಡಿಗೆ ದಾರಿ ಮಾಡಿಕೊಡುತ್ತದಂತೆ. ಒಲ್ಲೆ ಎಂದೆ. ಅವನು ಆ ಕಡೆ ಇದ್ದಾನೆ, ಯಾರಾದರೂ ಒಬ್ಬರು ಈ ಕಡೆ ಇರಬೇಕು. ಹಟವೆಂದುಕೊಂಡರೂ ಸರಿಯೇ.

ಜೋಸಿ ಕೇಳಿದ್ದಕ್ಕೆ ಉತ್ತರ ನಿನಗೇ ಬರೆಯುತ್ತಿದ್ದೇನೆ. ಕೆಂಪು ಬಳೆಯ ಹಕ್ಕಿಯ ಗಂಡು ಜನವರಿಯ ಬೂದಿಮಳೆಯ ಮೇಲೆ ಕಾಣಲಿಲ್ಲ. ಫಿಟ್ಜರಾಯ್ ಕೊರಕಲಿನುದ್ದಕ್ಕೂ ಹುಡುಕಿದ. ಹೆಣ್ಣು ಒಂದೇ ಓಡಾಡುತ್ತಿತ್ತು. ಏಪ್ರಿಲ್‌ನಲ್ಲಿ ನಾನು ಹೋದಾಗ ಬೇರೊಂದು ಗಂಡು ಬಂದಿತ್ತು. ಅದು ಕೊಂಬೆಯ ಮೇಲೆ ಕೂತು ಹಾಡುತ್ತಿತ್ತು, ಇದು ಕೆಳಗೆ ಹೊಸ ಎಲೆಗೆ ತೂತು ಹಾಕುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು ವರ್ನೆಲ್. "ನಾಚಿಕೆ ಇಲ್ಲವಾ ಇದಕ್ಕೆ!" ಎಂದು ಗಟ್ಟಿಯಾಗಿ ಅಂದೇಬಿಟ್ಟೆ. ಫಿಟ್ಜರಾಯ್, "ಟೀಚರ್, ಅದು ಹಕ್ಕಿ" ಅಂದ. ಸರಸರ ಇಳಿದು ಬಂದುಬಿಟ್ಟೆ. ಮನೆಗೆ ಬಂದು ಸೊಪ್ಪಿನ ಕಷಾಯ ಇಟ್ಟುಕೊಂಡೆ. ಅದು ಕುದಿದು ಕುದಿದು ಪಾತ್ರೆ ಸೀದುಹೋಯಿತು. ಆಗ ತಿಳಿಯಿತು, ನಾನು ಬೈದದ್ದು ಆ ಹಕ್ಕಿಯನ್ನಲ್ಲ ಎಂದು.

ಹಕ್ಕಿಯನ್ನು ಮುಂದಿಟ್ಟುಕೊಂಡು ನೀತಿ ಹೇಳಲು ಹೊರಟಿದ್ದಾಳೆ ಮುದುಕಿ ಎಂದುಕೊಳ್ಳಬೇಡ. ಮಕ್ಕಳಿಗೆ ಹಾಗೆ ಬೇಕಾದಷ್ಟು ಹೇಳಿದ್ದೇನೆ, ಇರುವೆಯಿಂದ ಇದು ಕಲಿಯಿರಿ, ಜೇನಿನಿಂದ ಅದು ಕಲಿಯಿರಿ ಎಂದು. ಆಲ್ರಿಕ್ ಚಿಕ್ಕವನಿದ್ದಾಗಲೇ ನಗುತ್ತಿದ್ದ. ಹಕ್ಕಿ ಹಕ್ಕಿಯ ಕೆಲಸ ಮಾಡುತ್ತದೆ. ನೀನು ಹಕ್ಕಿಯಲ್ಲ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ.

ಆ ಬಸ್ಸು ಓಡಿಸುವವನನ್ನು ಮದುವೆಯಾಗುವ ಮನಸ್ಸಿದ್ದರೆ ಆಗು. ಜೋಸಿಯ ಎರಡು ವಾಕ್ಯ ಸಾಕಾಯಿತು ನನಗೆ. ನನ್ನ ಅಪ್ಪಣೆ ನಿನಗೆ ಬೇಕಿಲ್ಲ, ನೀನು ಕೇಳುವವಳೂ ಅಲ್ಲ. ಆದರೆ ನಾನು ಹೇಳದೆ ಇದ್ದರೆ ನೀನು ಆಗುವುದಿಲ್ಲ. ನಿನ್ನನ್ನು ಐದನೇ ವಯಸ್ಸಿನಿಂದ ಬಲ್ಲೆ. ನೀವಿಸ್‌ನವರು ಜಿಪುಣರು, ಮಾವಿನ ಓಟೆಯನ್ನೂ ಎರಡು ಸಲ ಚೀಪುತ್ತಾರೆ ಎನ್ನುತ್ತಾರೆ ಇಲ್ಲಿ. ಇರಲಿ. ಮಗುವನ್ನು ಹೊತ್ತು ಮಹಡಿ ಹತ್ತುವವನು ಜಿಪುಣನಾದರೂ ನಡೆಯುತ್ತದೆ.

ಮುಖ ನೋಡುವ ಮಗನಾಗಿದ್ದ ಎಂದು ಬರೆದಿದ್ದೆಯಲ್ಲ, ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಈಗಲೂ ಕೊಡುವುದಿಲ್ಲ. ಇದನ್ನು ಬರೆಯುವಾಗ ನನ್ನ ಮುಖ ಹೇಗಿದೆಯೆಂದು ನಿನಗೆ ಕಾಣುವುದಿಲ್ಲ. ಅದಕ್ಕೇ ಕಾಗದ ಒಳ್ಳೆಯದು.

ಕೆಲವು ಜೋಡಿ ತಾನಿಯಾಗಳನ್ನು ಹಿಡಿದು ನಿಮ್ಮ ಕಡೆಯ ಯಾವುದೋ ಚಳಿಯ ದ್ವೀಪಕ್ಕೆ ಕಳಿಸುತ್ತಾರಂತೆ, ಬೆಟ್ಟ ಎಲ್ಲವನ್ನೂ ತಿಂದರೂ ಬೀಜ ಉಳಿಯಲಿ ಎಂದು. ಜೋಸಿಗೆ ಹೇಳು. ಅವಳಿಗೆ ನನ್ನ ಕಾಗದ ಬರುವುದು ನಿಲ್ಲದಿರಲಿ. ನಾನು ಕೇಳುವುದು ಅಷ್ಟೆ.

ಇಸ್ಮೆ ಡೇಲಿ


ಹ್ಯಾಕ್ನಿ
19 ಸೆಪ್ಟೆಂಬರ್ 1999

ಅಮ್ಮನಿಗೆ,

ಹೀಗೆ ಕರೆದು ಅಭ್ಯಾಸವಿಲ್ಲ. ಟೀಚರ್ ಎಂದು ಬರೆದು ಎರಡು ಹಾಳೆ ಹರಿದೆ. ಇದನ್ನು ಹರಿಯುವುದಿಲ್ಲ.

ನಿಮ್ಮ ಕಾಗದ ಬಂದ ದಿನ ಕೆಲಸಕ್ಕೆ ಹೋಗಲಿಲ್ಲ. ಓಸ್ಬರ್ಟ್‌ಗೆ ತೋರಿಸಿದೆ. ಜಿಪುಣ ಎಂದಿರುವ ಸಾಲಿನ ಹತ್ತಿರ ನಿಂತು, "ನಮ್ ಅಜ್ಜಿ ಮೂರು ಸಲ ಚೀಪೋಳು" ಅಂದ. ಉಳಿದದ್ದನ್ನು ಓದಿ ಮಡಿಸಿಟ್ಟ.

ನೀವು ಬರೆದಿದ್ದ ಆ ಚಳಿಯ ದ್ವೀಪಕ್ಕೆ ಹೋಗಿ ಹಕ್ಕಿಗಳನ್ನು ನೋಡಿ ಬಂದೆವು. ರೈಲು, ಆಮೇಲೆ ಹಡಗು. ಜೋಸಿ ದಾರಿಯುದ್ದಕ್ಕೂ ವಾಂತಿ ಮಾಡಿದಳು, ಆದರೆ ಸುಂಯ್ ಎನ್ನಲಿಲ್ಲ. ಅಲ್ಲಿಯವರು ಮೊದಲು ಆಗುವುದಿಲ್ಲ, ಹೊಸ ಹಕ್ಕಿಗಳು, ಜನ ಕಂಡರೆ ಹೆದರುತ್ತವೆ ಎಂದರು. ಜೋಸಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಅಪ್ಪನ ಹೆಸರು ಹೇಳಿದಳು. ನೋಡಿಕೊಳ್ಳುವ ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಬಾಗಿಲು ತೆರೆದಳು.

ಓಸ್ಬರ್ಟ್ ಬರಲಿಲ್ಲ. ನಮ್ಮ ಕೋಟುಗಳನ್ನು ಇಸಿದುಕೊಂಡು, "ನೀವ್ ಹೋಗಿ ಬನ್ನಿ. ಇದು ನಿಮ್ ಮನೆ ವಿಷ್ಯ" ಅಂದ. ನಾವು ಹೊರಗೆ ಬರುವವರೆಗೂ ಆ ಗಾಳಿಯಲ್ಲಿ ಬೆಂಚಿನ ಮೇಲೆ ಕೂತಿದ್ದ.

ಅದನ್ನು ಕಂಡರೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಹತ್ತು ವರ್ಷದ ಸಿಟ್ಟು ಕೂಡಿಟ್ಟುಕೊಂಡೇ ಹೋಗಿದ್ದೆ. ಒಳಗೆ ಕಾದ ಗಾಳಿ, ಕುಂಡಗಳಲ್ಲಿ ಗಿಡ. ಒಂದು ಮೂಲೆಯಲ್ಲಿ ಅದು ಕೂತಿತ್ತು, ನನ್ನ ಅಂಗೈಗಿಂತ ಅಷ್ಟೇನೂ ದೊಡ್ಡದಲ್ಲ. ಊರಲ್ಲಿದ್ದಾಗ ನಾನು ಅದನ್ನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ ಅಮ್ಮ. ಅವನು ಕರೆಯುತ್ತಿದ್ದ, ನನಗೆ ಕೆಲಸವಿರುತ್ತಿತ್ತು.

"ಇಷ್ಟು ಚಿಕ್ಕದಕ್ಕಾ?" ಎಂದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ.

"ಚಿಕ್ಕದೇ ಅಮ್ಮ" ಅಂದಳು ಜೋಸಿ, ನನ್ನನ್ನು ಸಮಾಧಾನ ಮಾಡುವ ಹಾಗೆ.

ಆಗ ಅತ್ತೆ. ಅವನು ಹೋದಮೇಲೆ ಮೊದಲ ಸಲ ಸರಿಯಾಗಿ ಅತ್ತದ್ದು ಅಲ್ಲಿ, ಗುರುತಿಲ್ಲದ ಹುಡುಗಿಯ ಮುಂದೆ. ಹಕ್ಕಿ ಹಾರಿ ದೂರ ಹೋಗಿ ಕೂತಿತು. ಆಮೇಲೆ ನಾವು ಗದ್ದಲ ಮಾಡದೆ ಕಾದೆವು. ಜೋಸಿಗೆ ಅದರ ಹಾಡು ಕೇಳಬೇಕಿತ್ತು. ಅವಳಿಗೆ ಅದು ಮರೆತುಹೋಗಿದೆಯಂತೆ. ಮುಚ್ಚುವ ಹೊತ್ತಿನವರೆಗೂ ಕಾದೆವು. ಹಾಡಲಿಲ್ಲ. ಬಂದಾಗಿನಿಂದ ಒಮ್ಮೆಯೂ ಹಾಡಿಲ್ಲವೆಂದು ಆ ಹುಡುಗಿ ಹೇಳಿದಳು.

ಡಿಸೆಂಬರಿನಲ್ಲಿ ಮದುವೆ. ಊಟ ಕೂಡ ದೊಡ್ಡದಲ್ಲ. ಜೋಸಿಯ ಹೆಸರು ಬದಲಾಗುವುದಿಲ್ಲ, ಅವಳು ಡೇಲಿಯೇ. ನಾನು ಕೇಳುವ ಮೊದಲೇ ಓಸ್ಬರ್ಟ್ ಹೇಳಿದ. ನನ್ನದು ಬದಲಾಗುತ್ತದೆ. ಹೊಸ ಸಹಿ ಬರೆದು ನೋಡೋಣವೆಂದು ಬೆಳಿಗ್ಗೆಯಿಂದ ಪೆನ್ನು ಹಿಡಿದಿದ್ದೇನೆ, ಕೈ ಅದೇ ಹಳೆಯ ಅಕ್ಷರದ ಕಡೆ ತಿರುಗುತ್ತದೆ. ನೀವು ಗೆಣ್ಣಿಗೆ ಹೊಡೆದು ತಿದ್ದಿಸಿದ ಕೈ. ಡಿಸೆಂಬರ್ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ,

ನಿಮ್ಮ ಸೊಸೆ,
ವರ್ನೆಲ್ ಡೇಲಿ